ವರ್ಷದೊಳಗಿನ ಸಿಹಿ

ಗಂಡ ತೀರಿಕೊಂಡ ವರ್ಷವೇ ನಾನು ಮನೆಯಲ್ಲಿ ಟಾಫಿ ಮಾಡುವುದನ್ನು ಕಲಿತೆ. ಇದನ್ನು ತಪ್ಪೊಪ್ಪಿಗೆ ಎಂದು ಓದಿಕೊಳ್ಳಬೇಡಿ. ತಪ್ಪೊಪ್ಪಿಗೆಗೆ ಮೊದಲು ಒಂದು ತಪ್ಪು ಬೇಕಾಗುತ್ತದೆ. ನನ್ನ ಹತ್ತಿರ ಇದ್ದದ್ದು ಒಂದು ಬಟ್ಟಲು ಸಕ್ಕರೆ, ಒಂದಿಷ್ಟು ಜೇನುತುಪ್ಪ, ಒಂದು ಚಮಚ ಅಡುಗೆ ಸೋಡಾ, ಅಷ್ಟೇ. ಇದರಲ್ಲಿ ತಪ್ಪು ಯಾವುದು ಎಂದು ಯಾರಾದರೂ ತೋರಿಸಿಕೊಟ್ಟರೆ ಮುಂದಿನ ಸಲ ಅದೊಂದನ್ನು ಬಿಟ್ಟು ಮಾಡುತ್ತೇನೆ.

ಈ ಟಾಫಿಯನ್ನು ನೀವು ತಿಂದಿರುತ್ತೀರಿ, ಹೆಸರು ಗೊತ್ತಿರಲಿಕ್ಕಿಲ್ಲ. ಕೆಲವು ಚಾಕೊಲೇಟುಗಳನ್ನು ಕಚ್ಚಿದಾಗ ಒಳಗೆ ಬಂಗಾರದ ಬಣ್ಣದ, ತೂತು ತೂತಾದ, ಹಲ್ಲಿಗೆ ತಾಗಿದೊಡನೆ ಪುಡಿಯಾಗುವ ಒಂದು ವಸ್ತು ಇರುತ್ತದಲ್ಲ, ಅದೇ. ಇಂಗ್ಲಿಷಿನವರು ಇದಕ್ಕೆ ಜೇನುಗೂಡಿನ ಹೆಸರಿಟ್ಟಿದ್ದಾರೆ. ಜೇನುಗೂಡನ್ನು ನಿಜವಾಗಿ ಕಂಡ ನಮ್ಮ ಜೋಯಿಡಾ ಕಾಡಿನ ಕಡೆಯವರು ಈ ಹೆಸರು ಕೇಳಿದರೆ ನಕ್ಕಾರು. ಜೇನುಗೂಡಿನ ತೂತುಗಳಿಗೆ ಒಂದು ಶಿಸ್ತಿದೆ. ಇದರ ತೂತುಗಳು ಸಂತೆಯಲ್ಲಿ ಜನ ನಿಂತ ಹಾಗೆ, ಸಿಕ್ಕಲ್ಲಿ ಸಿಕ್ಕಷ್ಟು. ಕನ್ನಡದಲ್ಲಿ ಇದಕ್ಕೆ ಹೆಸರೇ ಇಲ್ಲ. ಹೆಸರಿಲ್ಲದ ತಿನಿಸು ಎಂಬುದನ್ನೇ ನಾನೊಂದು ವಾದವನ್ನಾಗಿ ಮಾಡಲು ಹೋಗಿ ಸೋತದ್ದೂ ಉಂಟು.

ನಮ್ಮವರು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ನಾನು ಇದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವರು ಮೊದಲ ಪಾಳಿ ಮುಗಿಸಿ ಬಂದು ಕುರ್ಚಿಯಲ್ಲಿ ಕುಳಿತು ಚಹಾ ಕೇಳಿದರು. ನಾನು ಚಹಾ ಸೋಸಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಎದೆ ನೋವು ಎಂದವರಲ್ಲ, ಬೆವರಿದವರಲ್ಲ. ಜಗಳವಾಡುವುದಕ್ಕೂ ಅವಕಾಶ ಕೊಡದೆ ಹೋದರು. ಅದೊಂದು ಸಿಟ್ಟು ಈಗಲೂ ನನ್ನಲ್ಲಿದೆ.

ಮನೆ ತುಂಬ ಜನ ಸೇರಿದ್ದ ದಿನಗಳಲ್ಲೇ ಅವರ ಅಕ್ಕ ಗೌರಕ್ಕ ನನ್ನ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡು ಹೇಳಿದರು: "ಶೈಲಾ, ವರ್ಷ ತುಂಬೂತನಕ ಮನ್ಯಾಗ ಸಿಹಿ ಮಾಡಬ್ಯಾಡವಾ. ನನ್ನ ತಮ್ಮನ ಸಲುವಾಗಿ ಅಷ್ಟರ ಮಾಡೂಣು." ನಾನು ತಲೆಯಾಡಿಸಿದೆ. ಆ ದಿನ ಕಾಳಿ ನದಿಗೆ ಹಾರು ಎಂದಿದ್ದರೂ ಹಾಗೆಯೇ ತಲೆಯಾಡಿಸುತ್ತಿದ್ದೆ.

ಗೌರಕ್ಕನ ಪರಿಚಯ ಹೇಳಬೇಕು. ನಮ್ಮವರ ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಎತ್ತಿ ಆಡಿಸಿ ಶಾಲೆಗೆ ಕಳಿಸಿದವರೆಲ್ಲ ಅವರೇ. ಮುಂಡಗೋಡ ತಾಲೂಕಿನ ಮಳಗಿಗೆ ಲಗ್ನವಾಗಿ ಹೋದ ಮೇಲೂ ಈ ಮನೆಯ ಮೇಲಿನ ಅಧಿಕಾರ ಬಿಟ್ಟುಕೊಟ್ಟವರಲ್ಲ. ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿ ಎಲ್ಲಿಡಬೇಕು ಎನ್ನುವುದನ್ನು ಅವರು ಮಳಗಿಯಲ್ಲಿ ಕುಳಿತೇ ತೀರ್ಮಾನಿಸುತ್ತಿದ್ದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವರೊಡನೆ ಜಗಳವಾಡುವುದು ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಸಿಹಿ ಮಾಡಬಾರದು ಎಂದು ಒಪ್ಪಿಕೊಂಡದ್ದೇನೋ ಆಯಿತು. ಸಿಹಿ ಎಂದರೆ ಯಾವುದು ಎಂಬ ಪ್ರಶ್ನೆ ಹುಟ್ಟಿದ್ದು ಆಮೇಲೆ. ಸಮಾಧಾನ ಹೇಳಲು ಬಂದವರಿಗೆಲ್ಲ ಚಹಾ ಮಾಡಿಕೊಡುತ್ತಿದ್ದೆವು. ನಮ್ಮ ಕಡೆಯ ಚಹಾ ಎಂದರೆ ಗೊತ್ತಲ್ಲ, ಅದರಲ್ಲಿ ಹಾಲಿಗಿಂತ ಸಕ್ಕರೆಯೇ ಮೇಲುಗೈ. ಅದು ಸಿಹಿಯಲ್ಲ. ಬಿಸ್ಕೀಟು ಸಿಹಿಯಲ್ಲ. ಬೇಕರಿಯಿಂದ ತಂದ ಕೇಕು ಮನೆಯಲ್ಲಿ ಮಾಡಿದ್ದಲ್ಲವಾದ್ದರಿಂದ ಅದೂ ಸಿಹಿಯಲ್ಲ. ಬಾಳೆಹಣ್ಣಿಗೆ ಸಕ್ಕರೆ ಹಚ್ಚಿ ತಿಂದರೆ ಸಿಹಿಯಲ್ಲ, ಅದೇ ಬಾಳೆಹಣ್ಣನ್ನು ಸಕ್ಕರೆ ಹಾಕಿ ಕಿವುಚಿ ತುಪ್ಪದಲ್ಲಿ ಮಗುಚಿದರೆ ಸಿಹಿ. ಅಂದರೆ ಸಿಹಿ ಇರುವುದು ನಾಲಿಗೆಯ ಮೇಲಲ್ಲ, ಒಲೆಯ ಮೇಲೆ. ಅದಕ್ಕಿಂತಲೂ ಸರಿಯಾಗಿ ಹೇಳಬೇಕೆಂದರೆ, ಒಲೆಯ ಮುಂದೆ ನಿಂತ ಹೆಂಗಸಿನ ಮುಖದ ಮೇಲೆ. ಆಕೆ ಏನನ್ನಾದರೂ ಆಸೆಪಟ್ಟು ಮಾಡುತ್ತಿದ್ದರೆ ಅದು ಸಿಹಿ. ಬಳೆ, ಹೂವು, ಸೀರೆಯ ಬಣ್ಣದ ಮಾತನ್ನು ನಾನಿಲ್ಲಿ ತೆಗೆಯುವುದಿಲ್ಲ. ಅವು ಬೇರೆ ಜಗಳಗಳು, ಒಂದೊಂದಾಗಿ ನಡೆದಿವೆ.

ಇದರಲ್ಲಿ ನಗು ಬರುವ ಸಂಗತಿಯೊಂದಿತ್ತು. ನಮ್ಮವರು ಸಿಹಿ ತಿನ್ನುತ್ತಿರಲಿಲ್ಲ. ತಾಟಿನಲ್ಲಿ ಹೋಳಿಗೆ ಬಡಿಸಿದರೆ ಮುರಿದು ಒಂದು ತುಂಡು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ನನ್ನ ತಾಟಿಗೆ ದಾಟಿಸುತ್ತಿದ್ದರು. ಅವರ ಪ್ರಾಣವೆಲ್ಲ ಮಿರ್ಚಿ ಭಜಿಯಲ್ಲಿತ್ತು. ಮೋಡ ಕವಿದರೆ ಭಜಿ, ಮೋಡ ಚದುರಿದರೆ ಮೋಡ ಚದುರಿತೆಂದು ಭಜಿ. ಅವರ ನೆನಪಿಗಾಗಿ ಏನನ್ನಾದರೂ ಬಿಡಲೇಬೇಕಿದ್ದರೆ ಮಿರ್ಚಿ ಭಜಿಯನ್ನು ಬಿಡಬೇಕಿತ್ತು. ಆದರೆ ಭಜಿಗೆ ಯಾವ ನಿಷೇಧವೂ ಇರಲಿಲ್ಲ. ಸಮಾಧಾನ ಹೇಳಲು ಬಂದವರೇ ಎಷ್ಟೋ ಜನ ಭಜಿ ಕಟ್ಟಿಸಿಕೊಂಡು ಬಂದರು.

ಸಿಹಿಯ ಚಟ ನನ್ನದು. ನನ್ನ ತವರು ಹಳಿಯಾಳದ ಹತ್ತಿರದ ಹಳ್ಳಿ. ಸುತ್ತಮುತ್ತಲೂ ಕಬ್ಬು. ಹಿಂದಿನಿಂದ ಕಬ್ಬು ತುಂಬಿದ ಗಾಡಿ ಬಂದರೆ ಸಾಕು, ಒಂದು ಗಳ ಎಳೆದುಕೊಳ್ಳದೆ ನಾವು ಹುಡುಗಿಯರು ಶಾಲೆ ಮುಟ್ಟಿದವರಲ್ಲ. ನನ್ನ ಅಜ್ಜಿ ಪಾಕ ಹಿಡಿಯುವಾಗ ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇಟ್ಟುಕೊಂಡು ಅದರಲ್ಲಿ ಒಂದು ಹನಿ ಬಿಟ್ಟು ನೋಡುತ್ತಿದ್ದಳು. ಹನಿ ಕರಗಿದರೆ ಇನ್ನೂ ಬೇಕು, ಬೆರಳಿಗೆ ಉಂಡೆಯಾದರೆ ಸಾಕು. ನೀರಿನ ತಳಕ್ಕಿಳಿದ ಆ ಉಂಡೆ ನನ್ನ ಬಾಯಿಗೆ. ಸಂಬಳ ಬಂದ ಮೇಲೆ ನಾನು ಬಂಗಾರದ ಆಸೆಪಟ್ಟವಳಲ್ಲ, ಸೀರೆಯ ಆಸೆಪಟ್ಟವಳಲ್ಲ. ಊಟದ ಕೊನೆಗೆ ಒಂದು ತುಂಡು ಏನಾದರೂ ಬೇಕು. ಏನೂ ಇಲ್ಲದಿದ್ದರೆ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದು ವಾಸನೆಯಾದರೂ ನೋಡಬೇಕು. ಹಾಗಾಗಿ ಗಂಡನ ಹೆಸರಿನಲ್ಲಿ ಹಾಕಿದ ಈ ವ್ರತದಲ್ಲಿ ಗಂಡನ ಪಾಲು ಏನೂ ಇರಲಿಲ್ಲ, ಪೂರ್ತಿ ನನ್ನದೇ ಆಗಿತ್ತು.

ನನಗೆ ಇನ್ನೊಂದು ತಕರಾರೂ ಇತ್ತು. ನಮ್ಮ ಶರಣರು ಸೂತಕವನ್ನೇ ಒಪ್ಪಲಿಲ್ಲ. ಹುಟ್ಟಿಗೆ ಇಲ್ಲ, ಸಾವಿಗೆ ಇಲ್ಲ, ಮುಟ್ಟಿಗೆ ಇಲ್ಲ. ಇದನ್ನು ನಾನು ಕಂಡುಹಿಡಿದದ್ದಲ್ಲ. ಉಳವಿಯ ಜಾತ್ರೆಗೆ ಹೋದಾಗಲೆಲ್ಲ ಪ್ರವಚನದಲ್ಲಿ ಕೇಳಿದ್ದು. ಗೌರಕ್ಕ ನನ್ನ ಪಕ್ಕದಲ್ಲೇ ಕಣ್ಣು ಮುಚ್ಚಿ ಕುಳಿತು, ಹೌದು ಹೌದು ಎಂದು ತಲೆದೂಗುತ್ತ ಕೇಳಿದ್ದರು. ಕೈಮುಗಿದು, ಪ್ರಸಾದ ಕಟ್ಟಿಕೊಂಡು, ಬಸ್ಸು ಹತ್ತಿದ ಕೂಡಲೇ ಯಾರ ಮನೆಯ ಮದುವೆಗೆ ಯಾರ ಸೂತಕ ಅಡ್ಡ ಬರುತ್ತದೆ ಎಂಬ ಲೆಕ್ಕ ಶುರು ಮಾಡಿದ್ದರು. ಶರಣರ ಮಾತು ಉಳವಿಯಲ್ಲೇ ಉಳಿಯಿತು, ಸೂತಕ ನಮ್ಮ ಜೊತೆ ಬಸ್ಸಿನಲ್ಲಿ ಬಂತು. ನಗಬೇಡಿ, ನಾನೂ ಅದೇ ಬಸ್ಸಿನಲ್ಲಿದ್ದೆ.

ಯುಗಾದಿ ಹೀಗೆಯೇ ಹೋಯಿತು. ಬೇವು ಇತ್ತು, ಬೆಲ್ಲ ಇರಲಿಲ್ಲ. ಬಸವ ಜಯಂತಿ ಹೋಯಿತು, ಕಾರಹುಣ್ಣಿಮೆ ಹೋಯಿತು. ಶ್ರಾವಣ ಹತ್ತಿರ ಬಂದಾಗ ಮಗಳು ಸಹನಾ ಧಾರವಾಡದ ಹಾಸ್ಟೆಲ್ಲಿನಿಂದ ರಜೆಗೆ ಬಂದಳು. ಅಪ್ಪ ಹೋದಂದಿನಿಂದ ಅವಳು ಮಾತು ಕಡಿಮೆ ಮಾಡಿದ್ದಳು. ಅತ್ತಿದ್ದರೆ ನನಗೆ ಸಮಾಧಾನ ಮಾಡುವ ದಾರಿ ಗೊತ್ತಿತ್ತು. ಅವಳು ಅಳದೆ, ಅಪ್ಪನ ಕುರ್ಚಿಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಮೊಬೈಲನ್ನು ಮುಖದ ಮೇಲೆ ಹಿಡಿದು ದಿನವೆಲ್ಲ ಮಲಗಿರುತ್ತಿದ್ದಳು. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು. ಊಟಕ್ಕೆ ಕರೆದರೆ ಬಂದು ಉಂಡು ಮತ್ತೆ ಅಲ್ಲಿಗೇ ಹೋಗುತ್ತಿದ್ದಳು.

ಒಂದು ಸಂಜೆ ಅವಳು ಎದ್ದು ಕುಳಿತು ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. ಯಾರದೋ ಅಡುಗೆಮನೆ. ಪಾತ್ರೆಯಲ್ಲಿ ಕೆಂಪು ಪಾಕ. ಅದಕ್ಕೆ ಒಂದು ಬಿಳಿ ಪುಡಿ ಬಿದ್ದದ್ದೇ ತಡ, ಪಾಕವೆಲ್ಲ ನೊರೆಯಾಗಿ ಉಕ್ಕಿ ಪಾತ್ರೆಯ ಅಂಚಿಗೆ ಬಂತು.

"ಮಮ್ಮಿ, ಇದನ್ನ ಮಾಡೂಣು?" ಅಂದಳು.

ಅಷ್ಟು ತಿಂಗಳಲ್ಲಿ ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ವರ್ಷದೊಳಗೆ ಸಿಹಿ ಮಾಡುವಂತಿಲ್ಲ ಎಂಬುದು ನನಗೆ ನೆನಪಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಾಯಿತು. ನೆನಪಾದ ಮೇಲೆಯೇ ಎದ್ದು ಸೆರಗು ಸಿಕ್ಕಿಸಿಕೊಂಡೆ.

ಸಕ್ಕರೆ ಇತ್ತು. ಜೋಯಿಡಾದ ಹುಡುಗಿಯೊಬ್ಬಳು ಶಾಲೆಗೆ ತಂದುಕೊಟ್ಟ ಜೇನುತುಪ್ಪ ಇತ್ತು. ಅಡುಗೆ ಸೋಡಾ ಹುಡುಕುವಾಗ ಕಡಲೆಹಿಟ್ಟಿನ ಡಬ್ಬಿಯ ಹಿಂದೆ, ಬಾಯಿಗೆ ರಬ್ಬರು ಸುತ್ತಿದ ಪೊಟ್ಟಣ ಸಿಕ್ಕಿತು. ಅವರು ಭಜಿಗೆಂದು ತಂದಿಟ್ಟದ್ದು. ರಬ್ಬರನ್ನು ಎರಡು ಸುತ್ತು ಬಿಗಿದು ಇಡುವುದು ಅವರ ಅಭ್ಯಾಸ. ನಾನು ಅದನ್ನು ಕೈಯಲ್ಲಿ ಹಿಡಿದು ನಿಂತದ್ದನ್ನು ಸಹನಾ ನೋಡಿದಳು. ರಬ್ಬರು ಬಿಚ್ಚಿದವಳು ಅವಳೇ.

ಮೊದಲ ಸಲದ್ದು ಪೂರ್ತಿ ಕೆಟ್ಟಿತು. ಪಾಕ ಕೆಂಪಾಗುವುದಕ್ಕೂ ಕಪ್ಪಾಗುವುದಕ್ಕೂ ನಡುವೆ ಎಷ್ಟು ಕಡಿಮೆ ಹೊತ್ತು ಎನ್ನುವುದನ್ನು ಆ ವಿಡಿಯೋದ ಹೆಂಗಸು ಹೇಳಿರಲಿಲ್ಲ. ಸೋಡಾ ಹಳೆಯದಾದ್ದರಿಂದ ಗಂಟು ಗಂಟಾಗಿತ್ತು, ನಾನು ಹಾಗೆಯೇ ಸುರಿದೆ. ಅದು ಉಕ್ಕಿತು, ಅಷ್ಟೇ ವೇಗದಲ್ಲಿ ಕುಸಿಯಿತು, ಡಬರಿಯ ತಳಕ್ಕೆ ಡಾಂಬರಿನ ಹಾಗೆ ಹಿಡಿದು ಕುಳಿತಿತು. ಒಂದು ಚೂರು ಕೆತ್ತಿ ಬಾಯಿಗೆ ಹಾಕಿಕೊಂಡರೆ ಸಾಬೂನು ನೆಕ್ಕಿದಂತಾಯಿತು. ಸಹನಾ ನನ್ನ ಮುಖ ನೋಡಿ, "ಮಮ್ಮಿ, ನೀ ಸೈನ್ಸ್ ಟೀಚರ್ ಅಲ್ಲಾ?" ಅಂದಳು.

ಅದು ನನ್ನನ್ನು ಕೆಣಕಿತು. ಅಡುಗೆ ಸೋಡಾ ಬಿಸಿಯಾದಾಗ ಇಂಗಾಲದ ಡೈಆಕ್ಸೈಡು ಬಿಡುಗಡೆಯಾಗುತ್ತದೆ ಎಂದು ಎಷ್ಟು ವರ್ಷಗಳಿಂದ ಬೋರ್ಡಿನ ಮೇಲೆ ಬರೆಯುತ್ತ ಬಂದಿದ್ದೇನೆ. ಮಕ್ಕಳು ಬರೆದುಕೊಂಡಿದ್ದಾರೆ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದಾರೆ. ಆ ಬಿಡುಗಡೆಯನ್ನು ನಾನಾಗಲಿ ಅವರಾಗಲಿ ಕಣ್ಣಾರೆ ಕಂಡಿರಲಿಲ್ಲ. ಡಬರಿಗೆ ನೀರು ಹಾಕಿ ನೆನೆಯಲು ಬಿಟ್ಟು ಬೇರೆ ಪಾತ್ರೆ ತೆಗೆದೆ. ಈ ಸಲ ಉರಿ ಸಣ್ಣದು. ಅಜ್ಜಿಯ ಹಾಗೆ ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು. ಹನಿ ಬಿಟ್ಟು ನೋಡಿದರೆ ಮೊದಲು ಕರಗಿತು, ಆಮೇಲೆ ಉಂಡೆಯಾಯಿತು. ಅಜ್ಜಿಯ ಪಾಕ ಅಲ್ಲಿಗೆ ಮುಗಿಯುತ್ತಿತ್ತು. ನಾವು ಅಲ್ಲಿಂದಲೂ ಮುಂದೆ ಹೋದೆವು. ಹನಿ ನೀರಿಗೆ ಬಿದ್ದೊಡನೆ ಗಾಜಿನ ಮಣಿಯ ಹಾಗೆ ಗಟ್ಟಿಯಾಗಿ, ಒತ್ತಿದರೆ ಚಟ್ಟೆಂದು ಮುರಿಯಿತು. ಒಲೆ ಆರಿಸಿದೆ. ಸಹನಾ ಜರಡಿ ಹಿಡಿದ ಸೋಡಾವನ್ನು ಉದುರಿಸಿದಳು. ನಾನು ತಿರುವಿದೆ.

ಅದು ಎದ್ದು ಬಂದ ರೀತಿಯನ್ನು ಏನೆಂದು ಹೇಳಲಿ. ತಿಂಗಳುಗಟ್ಟಲೆ ಮಲಗಿದ್ದ ಯಾರೋ ಒಬ್ಬರು ಉಸಿರೆಳೆದು ಏಳುವ ಹಾಗೆ ಪಾತ್ರೆಯ ತುಂಬ ಎದ್ದಿತು. ತುಪ್ಪ ಸವರಿದ ತಾಟಿಗೆ ಸುರಿಯುವ ಅವಸರದಲ್ಲಿ ಅರ್ಧದಷ್ಟು ಅಡುಗೆಕಟ್ಟೆಯ ಮೇಲೆ ಚೆಲ್ಲಿತು, ಒಂದಿಷ್ಟು ಸಹನಾಳ ಓಢಣಿಗೆ ಹತ್ತಿ ಅಲ್ಲಿಯೇ ಗಟ್ಟಿಯಾಯಿತು. ಅವಳು ಓಢಣಿಯ ತುದಿಯನ್ನು ಎತ್ತಿ ಹಾಗೆಯೇ ಬಾಯಿಗಿಟ್ಟು ಕಡಿದಳು. ಕಟುಂ ಎಂದಿತು. ನನಗೆ ನಗು ಬಂತು, ಅವಳಿಗೂ ಬಂತು. ನಿಲ್ಲಿಸಬೇಕೆಂದಾಗಲೆಲ್ಲ ಓಢಣಿಯಿಂದ ಜೋತುಬಿದ್ದ ಟಾಫಿ ಕಣ್ಣಿಗೆ ಬಿದ್ದು ಮತ್ತೆ ನಕ್ಕೆವು. ಕಟ್ಟೆಗೆ ಆತುಕೊಂಡು ನೆಲದ ಮೇಲೆ ಕುಳಿತು ನಕ್ಕೆವು. ನಗುತ್ತಿದ್ದಂತೆಯೇ ಅವಳು ಅತ್ತಳು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕುಳಿತೆ. ಅತ್ತು ಮುಗಿಸಿ, ಮೂಗೊರೆಸಿಕೊಂಡು, ಇನ್ನೊಂದು ತುಂಡು ಕೇಳಿದಳು.

ದಾಂಡೇಲಿಯಲ್ಲಿ ಒಂದು ಅನುಕೂಲವಿದೆ. ಇಲ್ಲಿ ಮಿಲ್ಲಿನ ವಾಸನೆಯ ನಡುವೆ ಉಳಿದ ವಾಸನೆಗಳು ಸಾಮಾನ್ಯವಾಗಿ ಮೇಲೇಳುವುದಿಲ್ಲ. ಸುಟ್ಟ ಸಕ್ಕರೆ ಮಾತ್ರ ಮಿಲ್ಲಿಗೂ ಜಗ್ಗಲಿಲ್ಲ. ಪಕ್ಕದ ಮನೆಯ ಶಾಂತಾಬಾಯಿ ಕಿಟಕಿಗೆ ಬಂದು, "ಏನೋ ಘಮ ಘಮ ಅಂತೈತಲ್ರಿ ಟೀಚರ," ಎಂದರು. ನಾನು ತಾಟಿನಿಂದ ದೊಡ್ಡದೊಂದು ತುಂಡು ಮುರಿದು ಕೊಟ್ಟೆ. ಅವರು ಅದನ್ನು ತಿಂದರು. ತಿಂದು ಮುಗಿಸಿದ ಮೇಲೆಯೇ ಮಳಗಿಗೆ ಫೋನು ಮಾಡಿರಬೇಕು ಎಂಬುದು ನನ್ನ ಅಂದಾಜು.

ಮರುದಿನ ಬೆಳಿಗ್ಗೆ ಗೌರಕ್ಕನ ಕರೆ ಬಂತು.

"ಮನ್ಯಾಗ ಏನೋ ಮಾಡೀಯಂತಲ್ಲ, ಶೈಲಾ."

"ಯಾರ ಹೇಳಿದ್ರಿ, ಅಕ್ಕಾರ?"

"ಯಾರರ ಹೇಳ್ಲಿ. ಮಾಡೀಯೋ ಇಲ್ಲೋ?"

"ಟಾಫಿ ಮಾಡೇನ್ರಿ. ಅದು ಸಿಹಿ ಅಡಗಿ ಅಲ್ರಿ. ನಮ್ಮ ಕಡೆ ಅದಕ್ಕ ಹೆಸರಽ ಇಲ್ಲ."

"ಹೆಸರಿಲ್ಲದ್ದು ಬಾಯಾಗ ಹಾಕ್ಕೊಂಡ್ರ ಖಾರ ಹತ್ತತೈತೇನು?"

ವಾದದಲ್ಲಿ ಸೋತೆ ಎಂದು ಮೊದಲೇ ಹೇಳಿದ್ದೆನಲ್ಲ, ಅದು ಇಲ್ಲಿಯೇ. ಆದರೆ ಸೋತ ಮೇಲೆ ಎದೆ ಹಗುರಾಯಿತು. ಸಂದಿಯಲ್ಲಿ ನುಸುಳುವುದು ಬೇಡ, ಬಾಗಿಲಿನಿಂದಲೇ ಹೋಗೋಣ ಅನಿಸಿತು.

"ಹೌದ್ರಿ ಅಕ್ಕಾರ. ಸಿಹಿನಽ ಅದು. ಮಾಡೇನಿ."

"ತಾಯಿ ಮಗಳು ನಕ್ಕೋತ ಕುಂತಿದ್ರಂತ."

"ನಕ್ಕೇವ್ರಿ. ಅವರಪ್ಪ ಹೋದ ಮ್ಯಾಲ ಸಹನಾ ನಿನ್ನೆನಽ ಮೊದಲ ಸಲ ನಕ್ಕಿದ್ದು. ಬ್ಯಾಡ ಅನ್ಲೇನ್ರಿ ನಾ?"

ಆ ಕಡೆಯಿಂದ ಅವರ ಮನೆಯ ಎಮ್ಮೆ ಕೂಗಿದ್ದು ಕೇಳಿಸಿತು.

"ಈ ಸಲ ಪಂಚಮಿಗೆ ನಾ ಬರೂದಿಲ್ಲ," ಎಂದರು.

"ಯಾಕ್ರಿ?"

"ಕರಿಯಾಕ ಬರಾಂವ ಎಲ್ಲಿದಾನ?" ಎಂದವರೇ ಫೋನು ಇಟ್ಟುಬಿಟ್ಟರು.

ನಾಗರ ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ತವರಿನಲ್ಲಿ ಉಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು. ತಲೆ ನರೆತ ಹೆಂಗಸು ಪಂಚಮಿಗೆ ತವರಿಗೆ ಹೋಗುತ್ತಾಳೆಯೇ ಎಂದು ಕೇಳಬೇಡಿ. ಗೌರಕ್ಕ ಬರುತ್ತಿದ್ದರು. ತಾವಾಗಿ ಬಸ್ಸು ಹತ್ತಿ ಬಂದವರಲ್ಲ. ನಮ್ಮವರು ಪಾಳಿ ಬದಲಿಸಿಕೊಂಡು ಮಳಗಿಗೆ ಹೋಗಿ ಕರೆದುಕೊಂಡು ಬರಬೇಕಿತ್ತು. ಬಂದವರು ನಮ್ಮ ಅಡುಗೆಮನೆಯನ್ನು ವಶಕ್ಕೆ ತೆಗೆದುಕೊಂಡು, ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಎಂದು ಡಬ್ಬಿ ಡಬ್ಬಿ ತುಂಬಿ, ಸಿಹಿ ತಿನ್ನದ ತಮ್ಮನಿಗೆ ತಾವೇ ಕೈಯಾರೆ ಒಂದು ಉಂಡಿ ತಿನ್ನಿಸಿಯೇ ಬಿಡುತ್ತಿದ್ದರು. ವರ್ಷಕ್ಕೊಮ್ಮೆ ನಮ್ಮವರು ಪೂರ್ತಿ ತಿನ್ನುತ್ತಿದ್ದ ಸಿಹಿ ಅದೊಂದೇ.

ಫೋನು ಹಿಡಿದುಕೊಂಡು ಕುಳಿತಾಗ ನನಗೆ ಇದೆಲ್ಲ ನೆನಪಾಯಿತು. ಮನಸ್ಸು ಕರಗಿತು, ನಿಜ. ಆದರೆ ಬಗ್ಗಲಿಲ್ಲ. ಸಹನಾ ಮತ್ತೆ ಚಾಪೆಯ ಮೇಲೆ ಹೋಗಿ ಮಲಗುವುದು ನನಗೆ ಬೇಕಿರಲಿಲ್ಲ. ಗೌರಕ್ಕ ಮಳಗಿಯಲ್ಲಿ ಕುಳಿತು ಬಾಗಿಲ ಕಡೆ ನೋಡುವುದೂ ಬೇಕಿರಲಿಲ್ಲ. ಎರಡೂ ಬೇಡವಾದಾಗ ಮಾಡಬಹುದಾದದ್ದು ಒಂದೇ ಇತ್ತು.

ಮುಂಬಾಗಿಲನ್ನು ಪೂರ್ತಿ ತೆರೆದಿಟ್ಟು ನಾನು ಶೇಂಗಾ ಹುರಿದೆ. ಸಹನಾ ಸಿಪ್ಪೆ ತಿಕ್ಕಿ ಕೇರಿದಳು. ಬೆಲ್ಲದ ಪಾಕ ಹಿಡಿದು ಉಂಡಿ ಕಟ್ಟಿದೆವು. ಶಾಂತಾಬಾಯಿ ಎರಡು ಸಲ ಹೊರಗೆ ಬಂದು ಹೋದರು. ಎರಡನೆಯ ಸಲ ನಾನೇ ಕರೆದು, "ಉಂಡಿ ಮಾಡಾಕತ್ತೇನ್ರಿ. ಮಳಗಿಗೆ ನಾನಽ ಹೇಳ್ತೇನಿ, ನೀವು ತ್ರಾಸ ತಗೋಬ್ಯಾಡ್ರಿ," ಎಂದೆ. ಅವರಿಗೂ ಉಂಡಿ ಕೊಟ್ಟೆ. ಅವರು ಕಣ್ಣು ತಪ್ಪಿಸಿ ತೆಗೆದುಕೊಂಡರು. ಉಳಿದ ಸಕ್ಕರೆಯಲ್ಲಿ ಇನ್ನೊಂದು ತಾಟು ಟಾಫಿಯನ್ನೂ ಮಾಡಿ, ಡಬ್ಬಿಗೆ ತುಂಬಿ, ಮರುದಿನ ಮುಂಜಾನೆ ಬಸ್ಸು ಹತ್ತಿದೆ. ಮನೆ ಕಾಯಲು ಸಹನಾ ಇದ್ದಳು.

ಹಳಿಯಾಳದಲ್ಲಿ ಬಸ್ಸು ಬದಲಿಸಿ, ಮುಂಡಗೋಡದಲ್ಲಿ ಮತ್ತೊಂದು ಬದಲಿಸಿ ಮಳಗಿ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ತಂಗಿಯರನ್ನು ಕರೆತರಲು ಹೊರಟ ಗಂಡಸರು. ಯಾರದೋ ಬ್ಯಾಗಿನಲ್ಲಿ ಹೊಸ ಸೀರೆ, ಯಾರದೋ ಕೈಯಲ್ಲಿ ಬಾಳೆಹಣ್ಣು. ಅವರ ನಡುವೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡ ನಾನೊಬ್ಬಳೇ ಹೆಂಗಸು ಅದೇ ಕೆಲಸಕ್ಕೆ ಹೊರಟವಳು.

ಗೌರಕ್ಕ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಅವರ ಯಜಮಾನರು ಕಂಬಕ್ಕೆ ಒರಗಿ ಕುಳಿತಿದ್ದರು. ನನ್ನನ್ನು ನೋಡಿ ಗೌರಕ್ಕ ಏಳಲಿಲ್ಲ.

"ಯಾಕ ಬಂದಿ?"

"ಕರಿಯಾಕ ಬಂದೇನ್ರಿ, ಅಕ್ಕಾರ. ಪಂಚಮಿಗೆ."

"ಹೆಣ್ಮಕ್ಕಳು ಕರಿಯಾಕ ಬರೂ ಪದ್ಧತಿ ಎಲ್ಲೈತಿ? ಅಣ್ಣ ತಮ್ಮ ಬರಬೇಕು."

"ಅವರು ಇಲ್ರಿ. ನಾ ಅದೇನಿ."

ಅವರು ಅಕ್ಕಿಯಲ್ಲಿ ಕಲ್ಲು ಹುಡುಕಿದರು. ಕಲ್ಲು ಸಿಗಲಿಲ್ಲ. ಡಬ್ಬಿಯ ಕಡೆ ನೋಡಿ, "ಅದರಾಗ ಏನೈತಿ?" ಎಂದರು.

"ಶೇಂಗಾ ಉಂಡಿ. ಟಾಫಿ ಸೈತ ಐತ್ರಿ."

"ವರ್ಷದೊಳಗ."

"ವರ್ಷದೊಳಗಽ ರಿ. ಬಾಗಿಲಾ ತಗದಿಟ್ಟು ಮಾಡೇನಿ." ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ಆಗ ಮರೆತುಹೋದವು. ಬಾಯಿಗೆ ಬಂದದ್ದನ್ನು ಹೇಳಿದೆ. "ಅವರು ಸಿಹಿ ತಿಂತಿದ್ದಿಲ್ರಿ. ತಿನ್ನಾಕಿ ನಾ. ನನ್ನ ಬಾಯಿ ಕಟ್ಟಿದ್ರ ಅವರಿಗೆ ಏನು ಮುಟ್ಟತೈತ್ರಿ? ಇಷ್ಟ ದಿನ ನಾ ಎಷ್ಟ ಅತ್ತೇನಿ ಅಂತ ಯಾರೂ ಎಣಿಸಿಲ್ಲ. ತಿಂದದ್ದು ಯಾಕ ಎಣಿಸಬೇಕ್ರಿ? ಮಂದಿ ಸಲುವಾಗಿ ಬಿಡೂದು ನನಗ ಆಗೂದಿಲ್ಲ, ಅಕ್ಕಾರ."

ಗೌರಕ್ಕ ಮೊರವನ್ನು ಕೆಳಗಿಟ್ಟರು.

"ನಾ ಮಂದಿ ಸಲುವಾಗಿ ಹೇಳಿದ್ನೇನ?" ಎಂದರು. ದನಿ ಏರಿರಲಿಲ್ಲ. "ನನ್ನ ತಮ್ಮ ಈರಣ್ಣ ಹೋದ ದಿನದಿಂದ ನಾ ಸಕ್ರಿ ಮುಟ್ಟಿಲ್ಲ. ಚಾದಾಗ ಸೈತ ಹಾಕ್ಕೊಂಡಿಲ್ಲ. ನಿನಗ ಹೇಳ್ಲಿಲ್ಲ, ಅಷ್ಟ."

ಅವರ ಯಜಮಾನರು ಹೌದೆಂದು ತಲೆಯಾಡಿಸಿದರು. ಸಮಾಧಾನ ಹೇಳಲು ಬಂದವರ ಚಹಾದ ಬಗ್ಗೆ ನಾನು ಒಳಗೊಳಗೇ ಎಷ್ಟು ವ್ಯಂಗ್ಯವಾಡಿಕೊಂಡಿದ್ದೆ. ನಮ್ಮದೇ ಮನೆಯಲ್ಲಿ, ನನ್ನ ಕಣ್ಣೆದುರಿನಲ್ಲೇ, ಒಬ್ಬರು ಸಪ್ಪೆ ಚಹಾ ಕುಡಿಯುತ್ತಿದ್ದದ್ದು ನನಗೆ ತಿಳಿದಿರಲೇ ಇಲ್ಲ. ಹೆಣ್ಣುಮಗಳೊಬ್ಬಳು ತನ್ನ ತಮ್ಮನಿಗಾಗಿ ತಾನೇ ಆರಿಸಿಕೊಂಡ ಕಷ್ಟ ಅದು. ಅದರ ಮುಂದೆ ನನ್ನ ವಾದಗಳು ಬಾಯಿ ಮುಚ್ಚಿಕೊಂಡವು. ಹಾಗೆಂದು ನಾನು ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಲಿಲ್ಲ. ಅವರ ಪಕ್ಕದಲ್ಲಿ ಕುಳಿತೆ.

"ನೀವು ಬಿಡ್ರಿ, ಅಕ್ಕಾರ. ನಾ ಬ್ಯಾಡ ಅನ್ನಂಗಿಲ್ಲ," ಎಂದೆ. "ನೀವು ಬಿಟ್ಟು ಅವರನ್ನ ನೆನಸ್ರಿ. ನಾ ತಿಂದು ನೆನಸ್ತೇನಿ. ಅವರ ಪಾಲಿನ ಹೋಳಿಗಿ ಎಲ್ಲಾ ನಾನಽ ತಿಂದಾಕಿ. ನನಗ ನೆನಸಾಕ ಇದೊಂದಽ ದಾರಿ ಗೊತ್ತೈತಿ."

ಗೌರಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆ ಹೊತ್ತಿಗೆ ಅವರ ಯಜಮಾನರು ಸದ್ದಿಲ್ಲದೆ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡು, ಒಂದು ತುಂಡು ಟಾಫಿ ಬಾಯಿಗಿಟ್ಟು, ಇದ್ದ ಹಲ್ಲುಗಳಲ್ಲಿ ಅದನ್ನು ಒಪ್ಪಿಸಿಕೊಳ್ಳುವ ಹಲ್ಲು ಯಾವುದೆಂದು ಹುಡುಕುತ್ತಿದ್ದರು.

"ಹೆಂಗೈತ್ರಿ?" ಎಂದೆ.

"ಐತವಾ ಚಲೋ. ಆದ್ರ ಹಲ್ಲ ಬಿಡವೊಲ್ದು," ಎಂದರು ಅವರು, ಗಂಭೀರವಾಗಿ.

ಗೌರಕ್ಕ ಗಂಡನ ಕಡೆ ತಿರುಗಿ ನೋಡಿದ ನೋಟದಲ್ಲಿ ಸಿಟ್ಟಿತ್ತೋ ನಗುವಿತ್ತೋ ನನಗೆ ತಿಳಿಯಲಿಲ್ಲ. ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಬಟ್ಟೆಯ ಚೀಲವಿತ್ತು.

"ನಾ ತಿನ್ನೂದಿಲ್ಲ ನೋಡು, ಮೊದಲಽ ಹೇಳಿರ್ತೇನಿ," ಎಂದರು.

"ಬ್ಯಾಡ್ರಿ. ಕಟ್ಟಾಕ ಬರ್ರಿ. ಎಳ್ಳುಂಡಿ ನನಗ ಗಟ್ಟಿ ಆಗತಾವ."

"ನಿನಗ ಎಂದ ಸರಿಯಾಗ್ಯಾವ," ಎಂದು ಚಪ್ಪಲಿ ಮೆಟ್ಟಿಕೊಂಡರು.

ಮುಂಡಗೋಡದಿಂದ ಹತ್ತಿದ ಬಸ್ಸು ತುಂಬಿತ್ತು. ತವರಿಗೆ ಹೊರಟ ಹೆಂಗಸರು, ಮಕ್ಕಳು, ನಿಲ್ಲಲು ಜಾಗ ಹುಡುಕುವ ಅಣ್ಣಂದಿರು. ಹೊರಗೆ ಮಳೆ. ನಮಗೆ ಹೇಗೋ ಒಂದು ಸೀಟು ಸಿಕ್ಕಿತು. ಮುಂದಿನ ಸೀಟಿನ ಹೆಂಗಸು ಹಿಂದೆ ತಿರುಗಿ ಗೌರಕ್ಕನ ಬಿಳಿ ತಲೆಯನ್ನು ನೋಡಿ ಮಾತಿಗೆ ತೆಗೆದಳು.

"ಎಲ್ಲಿಗೆ ಹೊಂಟೀರಿ, ಅಮ್ಮಾರ?"

"ದಾಂಡೇಲಿಗೆ."

"ಮಗನ ಮನಿಗೇನ್ರಿ?"

"ಇಲ್ಲವಾ. ತವರಮನಿಗೆ. ಪಂಚಮಿಗೆ."

ಆ ಹೆಂಗಸಿಗೆ ಸ್ವಲ್ಪ ಆಶ್ಚರ್ಯವಾಯಿತು. ಅಣ್ಣನನ್ನೋ ತಮ್ಮನನ್ನೋ ಹುಡುಕುತ್ತ ಆಚೀಚೆ ನೋಡಿ, "ಕರಿಯಾಕ ಯಾರ ಬಂದಿದ್ರು?" ಎಂದಳು.

ಗೌರಕ್ಕ ಗದ್ದದಿಂದ ನನ್ನ ಕಡೆ ತೋರಿಸಿದರು. "ಈಕಿ ಬಂದಿದ್ಲು."

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಕಣ್ಣು ತುಂಬಿತ್ತು. ಅದನ್ನು ಮುಚ್ಚಿಕೊಳ್ಳಲು ಡಬ್ಬಿ ತೆರೆದು ಒಂದು ತುಂಡು ಟಾಫಿ ಬಾಯಿಗೆ ಹಾಕಿಕೊಂಡು ಕಡಿದೆ. ಸದ್ದು ಹಿಂದಿನ ಸೀಟಿನವರೆಗೂ ಹೋಗಿರಬೇಕು. ಹೋಗಲಿ ಎಂದುಕೊಂಡೆ. ಗೌರಕ್ಕ ನನ್ನನ್ನೂ ಡಬ್ಬಿಯನ್ನೂ ನೋಡಿದರು. ಈಗ ಏನಾದರೂ ಅನ್ನುತ್ತಾರೆ ಎಂದು ನಾನು ಉತ್ತರ ಜೋಡಿಸಿಕೊಳ್ಳತೊಡಗಿದೆ.

"ಮುಚ್ಚಳಾ ಗಟ್ಟಿ ಹಾಕವಾ," ಎಂದರು. "ಮಳಿಗಾಲ ಐತಿ, ಮೆತ್ತಗಾದಾವು. ಹುಡುಗಿಗೆ ಬೇಕು."

ವರ್ಷ ತುಂಬಲು ಇನ್ನೂ ಬಹಳ ದಿನಗಳಿದ್ದವು. ನಾನು ಮುಚ್ಚಳವನ್ನು ಗಟ್ಟಿಯಾಗಿ ಒತ್ತಿ ಹಾಕಿದೆ. ಹಾಕುವ ಮೊದಲು ಇನ್ನೊಂದು ತುಂಡು ತೆಗೆದುಕೊಂಡೆ.